ತಿದ್ದುಪಡಿ: ಪ್ಯಾರಾ ಏಳು

ನಾನು, ಜಗದೇವಿ ಉಟಗೆ, ವಯಸ್ಸು ಐವತ್ತೊಂದು,
ಧಂದೆ ಭಾಷಾಂತರ ಮತ್ತು ಟೈಪಿಂಗ್,
ಸೋಲಾಪುರ ಕೋರ್ಟಿನೆದುರು ಝೆರಾಕ್ಸ್ ಅಂಗಡಿಯ ಪಕ್ಕ ನನ್ನ ಟೇಬಲ್ಲು,
ಪ್ರಮಾಣ ಮಾಡಿ ಹೇಳುವುದೇನೆಂದರೆ

ಪ್ಯಾರಾ ಏಳರಲ್ಲಿ ಒಂದು ಶಬ್ದವಿದೆ.
ಶಬ್ದ ಸಾತಲಿಂಗ ಹಂಜಗಿಯದು,
ಬರೆದ ಕೈ ನನ್ನದು.

“ಎಳಿ ಹರೀತಂದ್ರ ಕಡಿ ಬೀಳ್ತದ್ರೀ” ಅಂದಿದ್ದ,
ಅಕ್ಕಲಕೋಟ ರೋಡಿನ ಎಂಐಡಿಸಿಯಲ್ಲಿ ಮಗ್ಗದ ಮೋಟರು ರಿಪೇರಿಯವ,
ಟವೆಲ್ಲಿನ ಧೂಳು ಕುಡಿದ ಕೆಮ್ಮಿನ ನಡುವೆ.
ಹಾಗೆಯೇ ಬರೆದೆ.
ನಮ್ಮಲ್ಲಿ ಬಾಗಿಲಿಗೆ ಕಡಿ ಹಾಕುತ್ತೇವೆ,
ಚಿಲಕ ಇರುವುದು ಪುಸ್ತಕದಲ್ಲಿ.
ಮರಾಠಿಯಿಂದ ಬಂದು ಬಾಗಿಲಲ್ಲೇ ನಿಂತ ಶಬ್ದ,
ಬಾಡಿಗೆ ಕೇಳದೆ ಇರಿಸಿಕೊಂಡಿದ್ದೇವೆ.

ಮುಂಬೈಯಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಮೈಸೂರು ಕಡೆಯವರಂತೆ.
ಒಳ್ಳೆಯ ಕನ್ನಡ. ತೊಂದರೆ ಅದೇ.
ಕಡಿ ಎಂದರೆ ಕತ್ತರಿಸು, ಅಷ್ಟೇ ಅವರಿಗೆ ಕೇಳಿಸಿದ್ದು.
ಎಳೆ ಹರಿದಾಗ ಸರ್ಕೀಟು ಕತ್ತರಿಸುತ್ತದೆ, ಎಂದು ಬರೆದರು.
ಪುಣೆ ಕಂಪನಿಯ ವಕೀಲರು ಎದ್ದರು:
ಕತ್ತರಿಸುವುದು ಯಾವ ಸ್ವಿಚ್ಚಿಗೆ ಬರುವುದಿಲ್ಲ ಸ್ವಾಮಿ,
ಪೇಟೆಂಟು ಕೊಡಲು ಇದರಲ್ಲಿ ಹೊಸದೇನು?
ಅಪೀಲು ಅಲ್ಲಿಂದ ಕುಂಟತೊಡಗಿತು.

ತಿದ್ದುವ ಮೊದಲು ಕಣ್ಣಾರೆ ನೋಡೋಣವೆಂದು ಹೋದೆ.
(ಅಫಿಡವಿಟ್ಟಿಗೆ ಇದು ಬೇಕಿಲ್ಲ. ಇರಲಿ.)
ಒಂದು ಪ್ಲೈವುಡ್ ತುಂಡು,
ಅದರ ಮೇಲೆ ಅರ್ಧ ಕಡಲೆಯಷ್ಟು ಎರಡು ಟ್ರಾನ್ಸಿಸ್ಟರು,
ಒಂದೊಂದಕ್ಕೂ ಮೂರು ಕಾಲು, ಪಕ್ಕದಲ್ಲಿ ಕೆಂಪು ದೀಪ.
“ಬೆರಳಿಡ್ರಿ.” ಇಟ್ಟೆ, ಹತ್ತಿತು.
“ತೆಗೀರಿ.” ತೆಗೆದೆ.
ಹತ್ತಿಯೇ ಇತ್ತು.

ಒಳಗೆ ಕೆಪ್ಯಾಸಿಟರು ಬಚ್ಚಿಟ್ಟಿದ್ದೀಯಂತೆ,
ಕೂಡಿಟ್ಟ ಕರೆಂಟಿನಲ್ಲಿ ಉರಿಯುತ್ತದಂತೆ,
ಕಂಪನಿಯವರು ಬರೆದು ಕೊಟ್ಟಿದ್ದಾರಲ್ಲ, ಎಂದೆ.
ಹಲಗೆ ತಿರುವಿ ಹಿಡಿದ.
ಬೆಸುಗೆ, ಎರಡು ತಂತಿ, ಒಂದು ಇರುವೆ.
ಚಹಾ ಬಂತು, ಖಾಲಿ ಗ್ಲಾಸು ಒಯ್ಯಲು ಹುಡುಗ ಮತ್ತೆ ಬಂದ,
ದೀಪ ಹತ್ತಿಯೇ ಇತ್ತು.

“ಇದು ಅದನ್ನ ಹಿಡೀತದ, ಅದು ಇದನ್ನ.
ನೀ ಬಿಡಬ್ಯಾಡ, ನಾ ಬಿಡೂದಿಲ್ಲ. ಇಷ್ಟ ನೋಡ್ರಿ ಕೆಲಸ.”
ಮೊದಲು ಹಿಡಿದದ್ದು ಯಾವುದು?
ಇದು ವಕೀಲರ ಪ್ರಶ್ನೆ, ನನ್ನ ಬಾಯಲ್ಲಿ ಬಂತು.
ಸಾತಲಿಂಗ ತಲೆ ಕೆರೆದುಕೊಂಡ.
“ಮೊದಲ ನಿಮ್ಮ ಬೆರಳ್ರೀ.
ಆಮ್ಯಾಲ ಅದರ ನೆನಪು ಸುದ್ದಾ ಬೇಕಿಲ್ಲ ಅವಕ್ಕ.”

ಬಿಡಿಸಬೇಕಾದರೆ?
“ಒಂದ ಹಾದಿ. ಕರೆಂಟ್ ಕಡೀಬೇಕು.”

ತಾನೇನು ಅಂದೆನೆಂದು ಅವನಿಗೆ ಗೊತ್ತಾಗಲಿಲ್ಲ,
ಪಾನಾ ಹುಡುಕುತ್ತಿದ್ದ.
ನನ್ನ ಪೆನ್ನು ಮಾತ್ರ ಹಾಳೆಯ ಮೇಲೆ ನಿಂತೇ ಇತ್ತು.
ಬಿದ್ದ ಕಡಿಯನ್ನು ತೆಗೆಯಲು ಕಡಿಯಲೇಬೇಕು.
ಹಾಗಾದರೆ ಮೈಸೂರಿನವರದು ತಪ್ಪಲ್ಲ, ಅವಸರ.
ಕೊನೆಯ ಪುಟವನ್ನು ಮೊದಲು ಓದಿಬಿಟ್ಟರು.
ಇದನ್ನು ಯಾವ ಪ್ಯಾರಾದಲ್ಲಿ ಹಾಕಲಿ?

ಐದೂವರೆಗೆ ಲೈಟು ಹೋಯಿತು.
ಸುತ್ತಲ ಶೆಡ್ಡುಗಳ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗಿ
ಖಟಖಟ ನಮ್ಮ ಕಿವಿಯಲ್ಲಷ್ಟೇ ಉಳಿಯಿತು.
ಸ್ವಲ್ಪ ಹೊತ್ತಿಗೆ ಬಂತು.
ಫ್ಯಾನು ತಾನೇ ತಿರುಗಿತು, ಟ್ಯೂಬು ಎರಡು ಸಲ ಮಿಟುಕಿ ಹತ್ತಿತು,
ಆಚೆ ಯಾರದೋ ರೇಡಿಯೋ ಅರ್ಧ ಮಾತಿನಿಂದ ಶುರುವಾಯಿತು.
ಕೆಂಪು ದೀಪ ಹತ್ತಲಿಲ್ಲ.
ಅವನು ನನ್ನ ಕೈ ನೋಡಿದ.
ನಾನು ಚೀಲ ತೆಗೆದುಕೊಂಡು ಎದ್ದೆ, ಕೊನೆಯ ಬಸ್ಸಿತ್ತು.

ಆದಕಾರಣ,
ಪ್ಯಾರಾ ಏಳು, ಸಾಲು ನಾಲ್ಕು,
‘ಕಡಿ’ ಎಂದಿರುವಲ್ಲಿ ‘ಚಿಲಕ’ ಎಂದು ಓದತಕ್ಕದ್ದು.
ಬೀಳುವಾಗ ಮಾತ್ರ. ಈ ಎರಡು ಪದ
ವಕೀಲರು ಹೊಡೆದುಹಾಕುತ್ತಾರೆ, ಗೊತ್ತಿದೆ, ಬರೆದಿದ್ದೇನೆ.

ಮೇಲಿನದು ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ.
ಸಹಿ ಮರಾಠಿಯಲ್ಲಿದೆ,
ಬ್ಯಾಂಕಿಗೆ ಕೊಟ್ಟಿರುವುದು ಅದನ್ನೇ.